ಮಾತ್ರೆ ನುಂಗಿದ ಮರುದಿನ
(ನಾಗಸಂದ್ರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯ ಉಪನ್ಯಾಸ ಆರೋಗ್ಯದ ಬಗ್ಗೆ ಇರಬೇಕು, ಕೇಳಿದವರು ಮನೆಗೆ ಹೋಗಿ ಉಪಯೋಗಿಸಿಕೊಳ್ಳುವಂತಿರಬೇಕು ಎಂಬುದು ದಾನಿಗಳ ಆಸೆ. ನಾನು ಔಷಧಶಾಸ್ತ್ರದ ಪಾಠ ಹೇಳಿಕೊಂಡು ಬಂದವನು. ರೋಗಿಗಳನ್ನು ನೋಡುವ ವೈದ್ಯನಲ್ಲ. ಆದ್ದರಿಂದ ಮಾತ್ರೆ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಹೇಳಬಲ್ಲೆ. ಯಾರಿಗೆ ಯಾವ ಮಾತ್ರೆ, ಎಷ್ಟು ಎಂಬುದು ಅವರವರ ಡಾಕ್ಟರಿಗೆ ಬಿಟ್ಟದ್ದು.

ಮಾನಸಿಕ ಕಾಯಿಲೆಗೆ ಔಷಧ ನಡೆಯುತ್ತಿರುವ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಮಾತ್ರೆ ನುಂಗುವವರದು: "ಇದನ್ನ ತಗೊಂಡ್ರೆ ಬೆಳಗ್ಗೆ ಏಳೋಕೇ ಆಗಲ್ಲ, ತಲೆಯೆಲ್ಲಾ ಮಂಕು." ಇನ್ನೊಂದು ಮನೆಯವರದು: "ಅಲ್ಲಿ ಕೊಡೋದೆಲ್ಲ ಬರೀ ನಿದ್ದೆ ಮಾತ್ರೆ ಕಣ್ರೀ." ಈ ಎರಡೂ ಕೂಡಿದ ಮನೆಯಲ್ಲಿ ಒಂದು ದಿನ ಮಾತ್ರೆ ನಿಂತುಹೋಗುತ್ತದೆ. ಯಾರನ್ನೂ ಕೇಳದೆ ನಿಲ್ಲುತ್ತದೆ. ಮೊದಲ ಕೆಲವು ದಿನ ತಲೆ ಹಗುರವಾಗಿ, ಇಷ್ಟು ದಿನ ಸುಮ್ಮನೆ ನುಂಗಿದೆವಲ್ಲ ಅನ್ನಿಸುತ್ತದೆ. ಆಮೇಲೆ ರಾತ್ರಿ ನಿದ್ದೆ ಹಾರುತ್ತದೆ, ಅನುಮಾನ ಶುರುವಾಗುತ್ತದೆ, ಇಲ್ಲವೆ ಹಳೆಯ ಖಿನ್ನತೆ ಬಂದು ಕೂರುತ್ತದೆ. ಮತ್ತೆ ಆಸ್ಪತ್ರೆ, ಮತ್ತೆ ಹೆಚ್ಚಿನ ಡೋಸು, ಮತ್ತೆ ಇನ್ನೂ ಹೆಚ್ಚಿನ ಮಂಪರು.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಮಂಪರು ಡಾಕ್ಟರ ಮುಂದೆ ಇಡಬೇಕಾದ ಲೆಕ್ಕ. ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಕೆಲಸ ಕೆಡಿಸುತ್ತದೆ ಎಂದು ಹೇಳಿದರೆ ಬಹುಪಾಲು ಜನಕ್ಕೆ ಏನಾದರೊಂದು ದಾರಿ ಸಿಗುತ್ತದೆ. ಹೇಳದಿದ್ದವರಿಗೆ ಉಳಿಯುವುದು ಬಾಯಿ ಮುಚ್ಚಿಕೊಂಡು ಸಹಿಸುವುದು, ಇಲ್ಲವೆ ಮಾತ್ರೆ ಬಿಟ್ಟುಬಿಡುವುದು.

ನೆಗಡಿ ಮಾತ್ರೆಯ ವಂಶ

ಮೊದಲು ಈ ಮಂಪರು ಎಲ್ಲಿಂದ ಬಂತು ನೋಡೋಣ. 1940ರ ದಶಕದಲ್ಲಿ ಫ್ರಾನ್ಸಿನ ರೋನ್-ಪೂಲಾಂಕ್ ಎಂಬ ಕಂಪನಿ ಅಲರ್ಜಿ ಔಷಧಗಳ ಮೇಲೆ ಕೆಲಸ ಮಾಡುತ್ತಿತ್ತು. ನೆಗಡಿ, ನವೆ, ದದ್ದು ತಡೆಯುವ ಇವುಗಳಿಗೆ ಆಂಟಿಹಿಸ್ಟಮಿನ್ ಎಂದು ಹೆಸರು. ನೆಗಡಿ ಮಾತ್ರೆ ನುಂಗಿದ ದಿನ ಕಣ್ಣು ಎಳೆಯುವುದು ನಮಗೆಲ್ಲ ಗೊತ್ತು. ಆ ಕಂಪನಿಯ ಪಾಲ್ ಶಾರ್ಪಾಂಟಿಯೆ 1950ರ ಡಿಸೆಂಬರಿನಲ್ಲಿ ಆ ಕುಟುಂಬದಿಂದಲೇ ಒಂದು ಹೊಸ ವಸ್ತುವನ್ನು ತಯಾರಿಸಿದರು. ಅದೇ ಕ್ಲೋರ್‌ಪ್ರೊಮಜಿನ್. ಆಪರೇಷನ್‌ಗೆ ಮುಂಚೆ ರೋಗಿಯನ್ನು ಶಾಂತಗೊಳಿಸುವ ಔಷಧ ಹುಡುಕುತ್ತಿದ್ದ ಆಂರಿ ಲಾಬೊರಿ ಎಂಬ ಸರ್ಜನ್ ಅದನ್ನು ಬಳಸಿ ನೋಡಿದರು. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೆ ಮತ್ತು ಪಿಯರ್ ಡೆನಿಕೇರ್ ತೀವ್ರ ಮನೋರೋಗಿಗಳಿಗೆ ಕೊಟ್ಟರು. ಆಧುನಿಕ ಮನೋರೋಗ ಔಷಧಗಳ ಕಥೆ ಅಲ್ಲಿಂದ ಶುರು.

ಮಂಪರು ಈ ಮಾತ್ರೆಗಳಿಗೆ ನಡುವೆ ಅಂಟಿಕೊಂಡ ದೋಷವಲ್ಲ, ಹುಟ್ಟಿನಿಂದಲೇ ಬಂದದ್ದು ಎಂದು ತೋರಿಸಲು ಇದನ್ನು ಹೇಳಿದೆ. ನಮ್ಮ ದೇಶದ ಸರ್ಪಗಂಧದ ಕಥೆಯೂ ಇದಕ್ಕೆ ಹತ್ತಿರದ್ದೇ. ಆ ಬೇರು ರಕ್ತದೊತ್ತಡ ಇಳಿಸುತ್ತದೆ, ಉನ್ಮಾದದ ರೋಗಿಗಳನ್ನು ಶಾಂತಗೊಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಕೆಲವು ವರ್ಷ ಜಗತ್ತೆಲ್ಲ ಬಳಸಿತು. ಮಂಕು, ಖಿನ್ನತೆ, ಬಿ.ಪಿ. ಕುಸಿತದ ದೂರುಗಳು ಹೆಚ್ಚಿದ ಮೇಲೆ ಅದು ಹಿಂದೆ ಸರಿಯಿತು.

ಬೆಂಗಳೂರಿಗೆ ಬಂದರೆ, ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು 70ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಈ ಮಾತ್ರೆಗಳನ್ನು ಹಳ್ಳಿಯಲ್ಲೇ ಸಿಗುವಂತೆ ಮಾಡುವ ಪ್ರಯೋಗ. ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮಾತ್ರೆ ಹೀಗೆ ಮನೆಗೆ ಬಂದಾಗ ಮಂಪರಿನ ಲೆಕ್ಕವೂ ಬದಲಾಯಿತು. ರೋಗಿ ಆಸ್ಪತ್ರೆಯ ವಾರ್ಡಿನಲ್ಲಿದ್ದಾಗ ಹಗಲು ತೂಕಡಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಯಲ್ಲಿದ್ದುಕೊಂಡು, ಹೊಲಕ್ಕೆ, ಫ್ಯಾಕ್ಟರಿಗೆ ಹೋಗಬೇಕಾದವನು ತೂಕಡಿಸಿದಾಗ ಅದು ಸಮಸ್ಯೆ.

ಮಂಪರು ಹೇಗೆ ಬರುತ್ತದೆ

ಮೆದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ಅಲ್ಲಿಯ ಒಂದು ಸಣ್ಣ ಗುಂಪಿನ ನರಕೋಶಗಳು ಹಿಸ್ಟಮಿನ್ ಸುರಿಸಿ ಇಡೀ ಮೆದುಳನ್ನು ಎಚ್ಚರವಾಗಿಡುತ್ತವೆ. ಮೂಗಿನಲ್ಲಿ ಸೀನು ಬರಿಸುವ ಹಿಸ್ಟಮಿನ್ನೇ ಮೆದುಳಿನಲ್ಲಿ ಎಚ್ಚರ ಕಾಯುತ್ತದೆ. ಓಲಾಂಜಪಿನ್, ಕ್ವೆಟಿಯಾಪಿನ್, ಕ್ಲೋಜಪಿನ್ ಮಾತ್ರೆಗಳೂ ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್ ಮಾತ್ರೆಗಳೂ ಈ ಹಿಸ್ಟಮಿನ್ ಗ್ರಾಹಕವನ್ನು ಬಲವಾಗಿ ಮುಚ್ಚುತ್ತವೆ. ಒಂದು ಬೀಗಕ್ಕೆಂದು ಮಾಡಿಸಿದ ಕೀಲಿ ಪಕ್ಕದ ಬಾಗಿಲನ್ನೂ ಹಾಕಿಬಿಟ್ಟ ಹಾಗೆ. ಭ್ರಮೆ, ಅನುಮಾನಗಳನ್ನು ಇಳಿಸುವ ಕೆಲಸ ಮುಖ್ಯವಾಗಿ ಡೋಪಮಿನ್ನಿನ ಕಡೆ ನಡೆಯುತ್ತದೆ. ನಿದ್ದೆ ಬರುವುದು ಹಿಸ್ಟಮಿನ್ನಿನ ಕಡೆಯಿಂದ. ಆದ್ದರಿಂದ "ಬರೀ ನಿದ್ದೆ ಮಾತ್ರೆ" ಎನ್ನುವುದು ತಪ್ಪು. ಅರಿಪಿಪ್ರಜೋಲ್‌ನಂಥ ಮಾತ್ರೆ ಅನೇಕರಿಗೆ ನಿದ್ದೆ ತರುವುದೇ ಇಲ್ಲ, ಆದರೂ ಕಾಯಿಲೆಗೆ ಕೆಲಸ ಮಾಡುತ್ತದೆ. ಕ್ಲೊನಾಜಪಾಂ, ಲೊರಾಜಪಾಂ ಇವುಗಳದು ಬೇರೆ ದಾರಿ. ಅವು ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸಿ ಮೆದುಳಿನ ವೇಗವನ್ನೇ ತಗ್ಗಿಸುತ್ತವೆ.

ಕಾಯಿಲೆ ಜೋರಾಗಿದ್ದಾಗ ಡಾಕ್ಟರೇ ಈ ಮಂಪರನ್ನು ಬೇಕೆಂದು ಬಳಸುತ್ತಾರೆ. ಮೂರು ರಾತ್ರಿ ಕಣ್ಣು ಮುಚ್ಚದೆ ಕೂಗಾಡಿದವರಿಗೆ ಆ ನಿದ್ದೆ ದೊಡ್ಡ ಉಪಕಾರ. ತೊಡಕು ಬರುವುದು ಆಮೇಲೆ. ಕಾಯಿಲೆ ಇಳಿದು, ಮನುಷ್ಯ ಕೆಲಸಕ್ಕೆ ಹೊರಟು ನಿಂತಿದ್ದಾನೆ. ಚೀಟಿ ಮಾತ್ರ ಹಳೆಯದೇ. ಫಾಲೋಅಪ್‌ಗೆ ಹೋದಾಗ "ಹೇಗಿದ್ದೀರಿ?" ಅಂದರೆ "ಪರವಾಗಿಲ್ಲ ಸಾರ್" ಅನ್ನುತ್ತೇವೆ. ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಡಾಕ್ಟರಿಗೂ ಅಷ್ಟೇ ಸಾಕು. "ಅದೇ ಕಂಟಿನ್ಯೂ ಮಾಡಿ" ಎಂದು ಬರೆಯುತ್ತಾರೆ. ಉನ್ಮಾದದ ವಾರಕ್ಕೆ ಬರೆದ ಡೋಸು ಹೀಗೆ ವರ್ಷಗಟ್ಟಲೆ ನಡೆದುಬಿಡುವುದುಂಟು.

ಒಂದು ಗಡಿಯಾರದ ಲೆಕ್ಕ

ನಾಗಸಂದ್ರದವರಿಗೆ ಪೀಣ್ಯದ ಕಾರ್ಖಾನೆಗಳ ಪಾಳಿಯ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಬೆಳಗಿನ 6ಕ್ಕೆ ಮೊದಲ ಪಾಳಿ ಇರುವ ಒಬ್ಬರನ್ನು ಊಹಿಸಿಕೊಳ್ಳಿ. 5 ಗಂಟೆಗೆ ಏಳಬೇಕು. ಮನೆಯ ಕೆಲಸ, ಟಿ.ವಿ., ಮೊಬೈಲು ಎಲ್ಲ ಮುಗಿಸಿ ರಾತ್ರಿ 11.30ಕ್ಕೆ ಓಲಾಂಜಪಿನ್ ನುಂಗಿ ಮಲಗುತ್ತಾರೆ. ನುಂಗಿದ ಈ ಮಾತ್ರೆ ರಕ್ತದಲ್ಲಿ ತುತ್ತತುದಿಗೆ ಏರಲು ಸುಮಾರು 6 ತಾಸು ಹಿಡಿಯುತ್ತದೆ. ಅಂದರೆ ಬೆಳಗಿನ 5.30. ಅಲಾರಂ ಹೊಡೆಯುವ ಹೊತ್ತಿಗೆ ಔಷಧವೂ ತನ್ನ ಪೂರ್ತಿ ಬಲಕ್ಕೆ ಬಂದಿರುತ್ತದೆ. ಅದೇ ಮಾತ್ರೆಯನ್ನು ರಾತ್ರಿ 8ಕ್ಕೆ ತೆಗೆದುಕೊಂಡರೆ ಆ ತುದಿ ನಡುರಾತ್ರಿ 2ಕ್ಕೆ, ಗಾಢ ನಿದ್ದೆಯೊಳಗೇ ಕಳೆದುಹೋಗುತ್ತದೆ. ಡೋಸು ಬದಲಾಗಿಲ್ಲ, ಕಂಪನಿ ಬದಲಾಗಿಲ್ಲ, ಖರ್ಚು ಒಂದು ಪೈಸೆ ಹೆಚ್ಚಿಲ್ಲ. ಗಡಿಯಾರ ಮಾತ್ರ ಬದಲಾಗಿದೆ.

ಎಲ್ಲ ಮಾತ್ರೆಗೂ ಇದೇ ಲೆಕ್ಕ ನಡೆಯುವುದಿಲ್ಲ. ಸಾಮಾನ್ಯ ಕ್ವೆಟಿಯಾಪಿನ್ ಒಂದೂವರೆ ತಾಸಿನಲ್ಲೇ ತುದಿಗೇರಿ, ಆರೇಳು ತಾಸಿಗೆ ಅರ್ಧಕ್ಕಿಳಿಯುತ್ತದೆ. ಓಲಾಂಜಪಿನ್ ಅರ್ಧಕ್ಕಿಳಿಯಲು 30 ತಾಸಿನಷ್ಟು ಬೇಕು. ನಿನ್ನೆಯ ಮಾತ್ರೆ ಇವತ್ತೂ ಮೈಯಲ್ಲಿರುತ್ತದೆ. ಹಾಗಾಗಿ ಒಂದು ದಿನ ಬಿಟ್ಟು ನೋಡಿ "ಈ ಮಾತ್ರೆಯಿಂದ ಅಲ್ಲ" ಎಂದೋ "ಇದರಿಂದಲೇ" ಎಂದೋ ತೀರ್ಮಾನಿಸಲು ಬರುವುದಿಲ್ಲ. ಸಮಯ ಹಿಂದೆಮುಂದೆ ಮಾಡುವ ಮುಂಚೆ ಡಾಕ್ಟರನ್ನೋ ಔಷಧ ಅಂಗಡಿಯ ಫಾರ್ಮಸಿಸ್ಟನ್ನೋ ಕೇಳಿ. ಹೆಸರಿನ ಕೊನೆಗೆ ಎಸ್.ಆರ್., ಇ.ಆರ್., ಎಕ್ಸ್.ಆರ್. ಎಂದಿರುವ ಮಾತ್ರೆ ನಿಧಾನವಾಗಿ ಕರಗಲೆಂದು ಮಾಡಿದ್ದು. "ಅರ್ಧ ತಗೊಂಡ್ರೆ ಮಂಪರು ಕಡಿಮೆಯಾಗುತ್ತೆ" ಎಂದು ಅದನ್ನು ಮುರಿದರೆ ಒಂದೇ ಸಲಕ್ಕೆ ಬಿಡುಗಡೆಯಾಗಿ ಮಂಪರು ಹೆಚ್ಚುವ ಸಂಭವವೇ ಜಾಸ್ತಿ.

ಡಾಕ್ಟರ ಕೈಯಲ್ಲಿ ಇನ್ನೂ ದಾರಿಗಳಿವೆ. ಹೊಸ ಮಾತ್ರೆಯ ಮಂಪರು ಅನೇಕರಿಗೆ ಕೆಲವು ವಾರದಲ್ಲಿ ತಾನೇ ಇಳಿಯುವುದರಿಂದ ಕಾಯಬಹುದು. ಹಗಲಿನ ಡೋಸನ್ನು ರಾತ್ರಿಗೆ ಸೇರಿಸಬಹುದು. ನಿಧಾನವಾಗಿ ಡೋಸು ಇಳಿಸಬಹುದು. ಎರಡು ಮೂರು ಮಂಪರಿನ ಮಾತ್ರೆ ಕೂಡಿದ್ದರೆ ಒಂದನ್ನು ತೆಗೆಯಬಹುದು. ಬೇರೆ ಮಾತ್ರೆಗೆ ಬದಲಿಸಬಹುದು. ಇದನ್ನೆಲ್ಲ ನಾವೇ ಮಾಡಿಕೊಳ್ಳಬಾರದು. ಕ್ಲೊನಾಜಪಾಂನಂಥದ್ದನ್ನು ಬಹಳ ಕಾಲ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವುದೂ ಉಂಟು.

ಬೀಡಿ, ಕಾಫಿ, ಎಣ್ಣೆ

ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಬೀಡಿ, ಸಿಗರೇಟಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವ ಓಲಾಂಜಪಿನ್, ಕ್ಲೋಜಪಿನ್‌ಗಳನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಸೇದುವವರಿಗೆ ಹೆಚ್ಚಿನ ಡೋಸು ಬೇಕಾಗುವುದು ಇದರಿಂದ. ಅವರು ಆಸ್ಪತ್ರೆ ಸೇರಿ ಬೀಡಿ ನಿಂತರೆ, ಅಥವಾ ಅಯ್ಯಪ್ಪ ಮಾಲೆ ಹಾಕಿ ಒಂದು ಮಂಡಲ ಬಿಟ್ಟರೆ, ಕೆಲವೇ ದಿನಗಳಲ್ಲಿ ಅದೇ ಡೋಸಿಗೆ ರಕ್ತದಲ್ಲಿ ಔಷಧದ ಮಟ್ಟ ಏರಿ ಮಂಪರು ಕವಿಯುತ್ತದೆ. ಕಾರಣವಾದದ್ದು ಹೊಗೆ, ನಿಕೋಟಿನ್ ಅಲ್ಲ. ನಿಕೋಟಿನ್ ಚೂಯಿಂಗ್ ಗಮ್ ಅಗಿದರೆ ಈ ಪರಿಣಾಮವಿಲ್ಲ. ಬೀಡಿ ಬಿಡುವುದು ಒಳ್ಳೆಯದೇ, ಬಿಡಲೇಬೇಕು. ಬಿಡುವ ವಾರ ಡಾಕ್ಟರಿಗೆ ತಿಳಿಸಿ ಬಿಡಿ.

ಕಾಫಿಯೂ ಅದೇ ಕಿಣ್ವದ ಬಾಗಿಲಿಗೇ ಬರುವ ಗಿರಾಕಿ. ಕ್ಲೋಜಪಿನ್ ತೆಗೆದುಕೊಳ್ಳುವವರು ಮಂಪರು ಓಡಿಸಲೆಂದು ದಿನಕ್ಕೆ ಐದಾರು ಲೋಟ ಸ್ಟ್ರಾಂಗ್ ಕಾಫಿ ಕುಡಿದರೆ ಕ್ಲೋಜಪಿನ್ ಕರಗುವುದು ನಿಧಾನವಾಗಿ ಮಟ್ಟ ಏರಬಹುದು. ಬೆಳಗ್ಗೆ ಒಂದು ಲೋಟ, ಹನ್ನೊಂದರ ಹೊತ್ತಿಗೆ ಒಂದು ಲೋಟ ಕುಡಿದರೆ ಯಾರ ತಕರಾರೂ ಇಲ್ಲ. ಸಂಜೆಯ ಕಾಫಿ ರಾತ್ರಿ ನಿದ್ದೆ ಕೆಡಿಸಿ ಮರುದಿನದ ಮಂಪರಿಗೆ ಸೇರಿಕೊಳ್ಳುತ್ತದೆ. ಮದ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಈ ಮಾತ್ರೆಗಳ ಮೇಲೆ ಎಣ್ಣೆ ಬಿದ್ದರೆ ಮಂಪರು ದುಪ್ಪಟ್ಟಾಗುತ್ತದೆ, ಉಸಿರಾಟಕ್ಕೂ ಅಪಾಯ. ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಕೂಡ ಮಂಪರು ಸೇರಿಸುತ್ತವೆ.

ದಿನಚರಿಯಲ್ಲಿ ಸಣ್ಣ ಬದಲಾವಣೆಗಳು ಸಾಕಷ್ಟು ಕೆಲಸ ಮಾಡುತ್ತವೆ. ಎದ್ದ ಕೂಡಲೆ ಬಿಸಿಲಿಗೆ ಮೈ ಒಡ್ಡಿ ಅರ್ಧ ಗಂಟೆ ನಡೆಯುವುದು. ಮಧ್ಯಾಹ್ನ ಎರಡು ಮುದ್ದೆಯ ಜಾಗದಲ್ಲಿ ಒಂದು. ನಿದ್ದೆ ತಡೆಯಲಾಗದಿದ್ದರೆ ಮೂರು ಗಂಟೆಯ ಒಳಗೆ, ಇಪ್ಪತ್ತು ಮೂವತ್ತು ನಿಮಿಷ, ಅಲಾರಂ ಇಟ್ಟು ಮಲಗುವುದು. ಹಾಸಿಗೆಯಿಂದ ಥಟ್ಟನೆ ಏಳದೆ, ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕೂತು ಏಳುವುದು. ಈ ಮಾತ್ರೆಗಳಲ್ಲಿ ಹಲವು, ಎದ್ದು ನಿಂತಾಗ ಬಿ.ಪಿ. ಇಳಿಸುತ್ತವೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳಲು ಇದೂ ಒಂದು ಕಾರಣ.

ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಲೂಬಾರದು. ಖಿನ್ನತೆಯೇ ಮೈಯನ್ನು ಎಳೆಯುತ್ತದೆ. ಲಿಥಿಯಂ ಮಾತ್ರೆ ಥೈರಾಯ್ಡಿನ ಕೆಲಸವನ್ನು ಕುಗ್ಗಿಸಿ ಜಡತನ ತರಬಹುದು. ರಕ್ತಹೀನತೆ, ಸಕ್ಕರೆ ಕಾಯಿಲೆ ಇರಬಹುದು. ಓಲಾಂಜಪಿನ್‌ನಿಂದ ತೂಕ ಏರಿ, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಶುರುವಾದರೆ ಎಂಟು ತಾಸು ಮಲಗಿದರೂ ಹಗಲು ತೂಕಡಿಕೆ ತಪ್ಪದು. ಆ ಗೊರಕೆ ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿದ್ದವರು ಹೇಳಬೇಕು.

ಕೆಲವು ಮಂಪರಿಗೆ ಫಾಲೋಅಪ್ ತನಕ ಕಾಯುವಂತಿಲ್ಲ. ಲಿಥಿಯಂ ತೆಗೆದುಕೊಳ್ಳುವವರಿಗೆ ಮಂಪರಿನ ಜೊತೆ ವಾಂತಿ, ಭೇದಿ, ಕೈ ನಡುಕ, ತೊದಲು ಬಂದರೆ, ಯಾವುದೇ ಮನೋರೋಗದ ಮಾತ್ರೆಯಲ್ಲಿ ಜ್ವರ ಏರಿ ಮೈ ಮರದಂತೆ ಬಿಗಿದರೆ, ಎಬ್ಬಿಸಿದರೂ ಏಳದಿದ್ದರೆ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ರಸ್ತೆ, ಮೆಷಿನ್, ಮೇಸ್ತ್ರಿ

2015ರ ಮೇ 1ರಂದು ಮೆಟ್ರೊ ನಾಗಸಂದ್ರಕ್ಕೆ ಬಂದಾಗ ಇದೇ ಕೊನೆಯ ನಿಲ್ದಾಣ. ತೂಕಡಿಸುತ್ತ ಕೂತವರಿಗೂ ಊರು ತಪ್ಪುವ ಭಯವಿರಲಿಲ್ಲ. 2024ರ ನವೆಂಬರ್ 7ರಿಂದ ರೈಲು ಮಾದಾವರದ ತನಕ ಹೋಗುತ್ತದೆ. ಈಗ ಕಣ್ಣು ಮುಚ್ಚಿದರೆ ಬಿ.ಐ.ಇ.ಸಿ. ವಸ್ತುಪ್ರದರ್ಶನ ಕೇಂದ್ರ ನೋಡಿಕೊಂಡು ವಾಪಸು ಬರಬೇಕು. ರೈಲಿನಲ್ಲಿ ಆದರೆ ನಗಬಹುದು. ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ಬೈಕ್ ಮೇಲೆ ಕಣ್ಣು ಎಳೆದರೆ ನಗುವ ಮಾತಲ್ಲ. ಹೊಸ ಮಾತ್ರೆ ಶುರುವಾದಾಗ, ಡೋಸು ಏರಿದಾಗ, ನಿಮಗೆ ಅದು ಹೇಗೆ ಹಿಡಿಸುತ್ತದೆ ಎಂದು ತಿಳಿಯುವ ತನಕ ಬೈಕ್, ಆಟೊ ಓಡಿಸಬೇಡಿ. ಮೋಟಾರು ವಾಹನ ಕಾಯ್ದೆ ಹಿಡಿತ ತಪ್ಪಿಸುವಷ್ಟು ಅಮಲು ತರುವ ಔಷಧದ ಪ್ರಭಾವದಲ್ಲಿ ಓಡಿಸುವುದನ್ನು ಕುಡಿದು ಓಡಿಸುವುದರ ಜೊತೆಗೇ, ಅದೇ 185ನೇ ಕಲಮಿನಲ್ಲಿ ಇಟ್ಟಿದೆ.

ಪವರ್ ಪ್ರೆಸ್ ಮೇಲೆ ಕೆಲಸ ಮಾಡುವವರ ಬೆರಳಿಗೆ ಅರೆಗಳಿಗೆಯ ಜೋಂಪು ಸಾಕು. ಲೇತ್, ಕುಲುಮೆ, ಪ್ಲೇಟಿಂಗ್ ತೊಟ್ಟಿ ಎಲ್ಲಕ್ಕೂ ಇದೇ ಮಾತು. ಮೇಸ್ತ್ರಿಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. "ಡಾಕ್ಟರು ಹೊಸ ಮಾತ್ರೆ ಕೊಟ್ಟಿದ್ದಾರೆ, ಎರಡು ವಾರ ಪ್ರೆಸ್ ಬೇಡಣ್ಣ, ಪ್ಯಾಕಿಂಗ್‌ಗೆ ಹಾಕಿ" ಅಂದರೆ ಸಾಕು. ಬೈಪೋಲಾರ್ ಕಾಯಿಲೆ ಇರುವವರಿಗೆ ರಾತ್ರಿ ಪಾಳಿಯೇ ಅಪಾಯ. ನಿದ್ದೆಗೆಟ್ಟರೆ ಉನ್ಮಾದ ಮರುಕಳಿಸಬಹುದು. ಅಂಥವರು ಹಗಲು ಪಾಳಿ ಬೇಕೆಂದು ಡಾಕ್ಟರ ಪತ್ರ ತರಬೇಕು. ಇ.ಎಸ್.ಐ. ಕಾರ್ಡು ಇರುವವರು ಇನ್ನೊಂದು ತಿಳಿದಿರಲಿ. ದೀರ್ಘ ಕಾಯಿಲೆಗಳಿಗೆ ಕೊಡುವ ವಿಸ್ತೃತ ಅನಾರೋಗ್ಯ ಭತ್ಯೆಯ 34 ಕಾಯಿಲೆಗಳ ಪಟ್ಟಿಯಲ್ಲಿ ತೀವ್ರ ಮನೋರೋಗಗಳೂ ಇವೆ. ಎರಡು ವರ್ಷ ವಿಮೆಯಲ್ಲಿದ್ದವರಿಗೆ ನಿಯಮದ ಪ್ರಕಾರ ಕೂಲಿಯ ಶೇ. 80ರಷ್ಟು ಸಿಗುತ್ತದೆ. ಮಾತ್ರೆ ಹೊಂದಿಕೊಳ್ಳುವ ತನಕ ಬೆರಳು ಒಡ್ಡಿ ದುಡಿಯಲೇಬೇಕೆಂಬ ಗತಿ ಎಲ್ಲರಿಗೂ ಇಲ್ಲ.

ಮನೆಯವರಿಗೆ ಒಂದು ಮಾತು. ಎಂಟು ಗಂಟೆಗೆ ಏಳದ ಸೊಸೆಗೆ, ಮಗನಿಗೆ "ಸೋಮಾರಿ" ಅನ್ನುವುದು ಸುಲಭ. ಆ ಒಂದು ಮಾತಿನ ಸಿಟ್ಟಿಗೆ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ನಿದ್ದೆ ಎಷ್ಟು ಗಂಟೆಗೆ, ಎದ್ದದ್ದು ಯಾವಾಗ, ಮಂಪರು ಎಲ್ಲಿಯ ತನಕ, ಗೊರಕೆ ಇತ್ತೇ, ಬೀಡಿ ಕಾಫಿ ಎಷ್ಟು. ಮಾತ್ರೆಯ ಸ್ಟ್ರಿಪ್ಪನ್ನೂ ಒಯ್ಯಿರಿ. ಅಂಗಡಿಯವರು ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಯ ತುಂಡಿನಲ್ಲಿ ಹೆಸರು, ಎಂ.ಜಿ. ಎರಡೂ ಹರಿದು ಹೋಗಿರುತ್ತವೆ. ಹೆಸರಿರುವ ತುಂಡನ್ನೇ ಕೇಳಿ ತನ್ನಿ. ಪುಟದ ಲೆಕ್ಕ ಮುಂದಿಟ್ಟರೆ ಮೂರು ನಿಮಿಷದ ಭೇಟಿಯಲ್ಲೂ ಡಾಕ್ಟರು "ಅದೇ ಕಂಟಿನ್ಯೂ" ಎಂದು ಬರೆಯುವ ಮುಂಚೆ ಪೆನ್ನು ತಡೆಯುತ್ತಾರೆ.

ಕೇಳುವ ಹಕ್ಕು

ಹೀಗೆ ಕೇಳುವುದಕ್ಕೆ ಹೆದರಬೇಕಾಗಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017ರ 22ನೇ ಕಲಮು, ಕೊಡಲಿರುವ ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮಗಳೇನು ಎಂದು ತಿಳಿಯುವ ಹಕ್ಕನ್ನು ರೋಗಿಗೂ ಆತ ಹೆಸರಿಸಿದ ಪ್ರತಿನಿಧಿಗೂ ಕೊಟ್ಟಿದೆ. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಇದನ್ನು ಕನ್ನಡದಲ್ಲಿ ಹೇಳಲಾಗದು ಎಂದು ಯಾರೂ ಅನ್ನುವಂತಿಲ್ಲ. 'ಕೊರವಂಜಿ' ನಡೆಸಿದ ಡಾ. ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಇದನ್ನೇ ಸರಳ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಫೋನಿನಲ್ಲಿ ಕೇಳುವವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಕೊನೆಗೆ, ಸಭೆಯಲ್ಲಿ ಕಾರ್ಖಾನೆ ನಡೆಸುವವರೂ ಕಾರ್ಮಿಕ ಮುಖಂಡರೂ ಇರಬಹುದು, ಅವರಲ್ಲಿ ಒಂದು ಕೇಳಿಕೆ. ಪ್ರತಿ ವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ ಬರುತ್ತದೆ. ಹೆಲ್ಮೆಟ್, ಗ್ಲೌಸು, ಶೂ ಬಗ್ಗೆ ಬೋರ್ಡು ಬರೆಸುತ್ತೀರಿ, ಪ್ರತಿಜ್ಞೆ ಮಾಡಿಸುತ್ತೀರಿ. ಮುಂದಿನ ಮಾರ್ಚಿಗೆ ಆ ಬೋರ್ಡಿನಲ್ಲಿ ಇನ್ನೆರಡು ಸಾಲು ಕನ್ನಡದಲ್ಲಿ ಸೇರಿಸಿ: "ಹೊಸ ಮಾತ್ರೆ ಶುರುವಾಗಿ ಮಂಪರು ಬರುತ್ತಿದ್ದರೆ ಮೇಸ್ತ್ರಿಗೆ ಹೇಳಿ. ಬೇರೆ ಕೆಲಸ ಕೊಡುತ್ತೇವೆ, ಸಂಬಳ ಹಿಡಿಯುವುದಿಲ್ಲ." ಬಿ.ಪಿ. ಮಾತ್ರೆಯವರು, ಅಲರ್ಜಿ ಮಾತ್ರೆಯವರು, ಮಾನಸಿಕ ಕಾಯಿಲೆಯ ಮಾತ್ರೆಯವರು ಎಲ್ಲರೂ ಆ ಬೋರ್ಡಿನ ಕೆಳಗೆ ಒಂದೇ ಸಾಲಿನಲ್ಲಿ ನಿಲ್ಲಬಹುದು. ಯಾರು ಯಾವ ಮಾತ್ರೆಯವರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ.